ಕಂದು ಕಡಲಕಳೆ ಮತ್ತು ಮೂಳೆ ಕಟ್ಟುವ ಕೋಶಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ಮೂಳೆ ಸಾಂದ್ರತೆಯ ವರದಿ ಕೈಗೆ ಬಂದ ಮೇಲೆ ಬೆಂಗಳೂರಿನ ಮನೆಗಳಲ್ಲಿ ಶುರುವಾಗುವ ಹುಡುಕಾಟ ಈಚೆಗೆ ಕಡಲಕಳೆಯ ಕ್ಯಾಪ್ಸೂಲಿನ ಮುಂದೆ ಬಂದು ನಿಲ್ಲುವುದುಂಟು. ‘ಮೂಳೆ ಕೋಶಗಳನ್ನು ಬೆಳೆಸುತ್ತದೆ’ ಎಂಬ ಸಾಲು ಡಬ್ಬಿಯ ಮೇಲೋ ವಾಟ್ಸ್‌ಆ್ಯಪ್ ಸಂದೇಶದಲ್ಲೋ ಇರುತ್ತದೆ. ಆ ಸಾಲು ಪೂರ್ತಿ ಸುಳ್ಳಾಗಿದ್ದರೆ ಕೆಲಸ ಸುಲಭವಿತ್ತು. ಅರ್ಧ ನಿಜವಾಗಿರುವುದರಿಂದ ಇಷ್ಟು ಉದ್ದ ಬರೆಯಬೇಕಾಗಿದೆ. ಕೊನೆಯ ಪ್ರಶ್ನೆ ವಿದ್ಯಾರ್ಥಿಗಳಿಗೆ, ಉಳಿದವು ಎಲ್ಲರಿಗೆ.

ಕಂದು ಕಡಲಕಳೆ ಎಂದರೆ ಯಾವುದು? ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಅದೇ ತಾನೆ?

ಅಲ್ಲ. ಪುಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಅಗರ್, ಅದು ಕೆಂಪು ಕಡಲಕಳೆಯಿಂದ ಬರುತ್ತದೆ. ಐಸ್‌ಕ್ರೀಮಿಗೆ ಬೀಳುವ ಕ್ಯಾರಗೀನನ್ ಕೂಡ ಕೆಂಪಿನದೇ. ಸುಶಿಗೆ ಸುತ್ತುವ ನೋರಿ ನೋಡಲು ಕಡುಹಸಿರಾಗಿದ್ದರೂ ಕೆಂಪು ಗುಂಪಿಗೆ ಸೇರಿದ್ದು. ಸ್ಪಿರುಲಿನಾ ಅಂತೂ ಕಡಲಕಳೆಯೇ ಅಲ್ಲ, ಅದು ಸೂಕ್ಷ್ಮಾಣು.

ಕಂದು ಗುಂಪಿನಲ್ಲಿ ಬರುವುದು ಜಪಾನಿನವರ ಕೊಂಬು ಮತ್ತು ವಾಕಾಮೆ, ಕೊರಿಯಾದ ಎಕ್ಲೋನಿಯಾ, ಅಟ್ಲಾಂಟಿಕ್ ತೀರದ ಫ್ಯೂಕಸ್ ಮತ್ತು ಆಸ್ಕೋಫಿಲ್ಲಮ್, ನಮ್ಮ ಬೆಚ್ಚನೆಯ ಸಮುದ್ರದ ಸರ್ಗಾಸಮ್, ಟರ್ಬಿನೇರಿಯಾ, ಪಡೈನಾ. ಕಂದು ಬಣ್ಣ ಕೊಡುವುದು ಫ್ಯೂಕೋಝಾಂಥಿನ್ ಎಂಬ ವರ್ಣದ್ರವ್ಯ. ಕೆಂಪು, ಕಂದು ಗುಂಪುಗಳ ರಸಾಯನ ಬೇರೆ ಬೇರೆ. ಕಂದಿನ ಬಗ್ಗೆ ಬಂದ ಸಂಶೋಧನೆಯನ್ನು ತೋರಿಸಿ ಕೆಂಪು ಕಡಲಕಳೆಯ ಮಾತ್ರೆ ಮಾರುವುದು ಮಾರುಕಟ್ಟೆಯ ಹಳೆಯ ಚಾಳಿ.

ನಮ್ಮ ಕರಾವಳಿಯಲ್ಲಿ ಸಿಗುತ್ತದೆಯೇ?

ಸಿಗುತ್ತದೆ. ಕಾರವಾರದ ಕಡೆಯ ಬಂಡೆಗಳ ಮೇಲೆ ಸರ್ಗಾಸಮ್, ಪಡೈನಾ ಎರಡೂ ಇವೆ. ಆದರೆ ದೇಶದಲ್ಲಿ ವ್ಯಾಪಾರದ ಮಟ್ಟದಲ್ಲಿ ಕಂದು ಕಡಲಕಳೆ ಬರುವುದು ಹೆಚ್ಚಾಗಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಿಂದ. ಅದರ ಬಹುಪಾಲು ಹೋಗುವುದು ಆಲ್ಜಿನೇಟ್ ಎಂಬ ಹೆಪ್ಪುಗಟ್ಟುವ ಪದಾರ್ಥದ ತಯಾರಿಕೆಗೆ.

ಅದರೊಳಗೆ ಮೂಳೆಗೆ ಸಂಬಂಧಪಟ್ಟದ್ದು ಏನಿದೆ?

ಹೆಸರಿಸಬೇಕಾದವು ಐದು. ಫ್ಯೂಕಾಯ್ಡನ್ ಎಂಬುದು ಫ್ಯೂಕೋಸ್ ಸಕ್ಕರೆಯ ಉದ್ದ ಸರಪಳಿ, ಮೈತುಂಬ ಸಲ್ಫೇಟ್ ಗುಂಪುಗಳು. ಸ್ವೀಡನ್ನಿನ ಹರಾಲ್ಡ್ ಕೈಲಿನ್ 1913ರಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಆಲ್ಜಿನೇಟ್ ಕೂಡ ಸಕ್ಕರೆಯ ಸರಪಳಿಯೇ, ಆದರೆ ಸಲ್ಫೇಟ್ ಇಲ್ಲ. ಕ್ಯಾಲ್ಸಿಯಂ ಸಿಕ್ಕಿದೊಡನೆ ಹೆಪ್ಪುಗಟ್ಟುವುದು ಅದರ ಗುಣ. ಫ್ಲೋರೋಟ್ಯಾನಿನ್‌ಗಳು ಪಾಲಿಫಿನಾಲ್ ಜಾತಿಯವು, ಎಕ್ಲೋನಿಯಾದಲ್ಲಿ ಸಿಗುವ ಡಿಯೆಕಾಲ್ ಇವುಗಳಲ್ಲಿ ಹೆಸರುವಾಸಿ. ಉಳಿದೆರಡು ಆಗಲೇ ಹೇಳಿದ ಫ್ಯೂಕೋಝಾಂಥಿನ್ ಮತ್ತು ಕೊಲೆಸ್ಟರಾಲಿನ ದೂರದ ನೆಂಟನಾದ ಫ್ಯೂಕೋಸ್ಟೆರಾಲ್. ಮೂಳೆ ಕಟ್ಟುವ ಕೋಶಗಳ ಮೇಲೆ ಅತಿ ಹೆಚ್ಚು ಪ್ರಯೋಗ ನಡೆದಿರುವುದು ಫ್ಯೂಕಾಯ್ಡನ್ ಬಗ್ಗೆ.

ಮೂಳೆ ಕಟ್ಟುವ ಕೋಶ ಏನು ಮಾಡುತ್ತದೆ?

ಆಸ್ಟಿಯೋಬ್ಲಾಸ್ಟ್ ಎಂಬ ಈ ಕೋಶ ಮೊದಲು ಕೊಲಾಜನ್ ನಾರಿನ ಹಂದರ ಹಾಕುತ್ತದೆ, ಬಳಿಕ ಅದರೊಳಗೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹರಳುಗಟ್ಟುವಂತೆ ಮಾಡುತ್ತದೆ. ಇದರ ಎದುರಾಳಿ ಆಸ್ಟಿಯೋಕ್ಲಾಸ್ಟ್, ಹಳೆಯ ಮೂಳೆಯನ್ನು ಕರಗಿಸುವ ಕೋಶ. ಒಂದು ಜಾಗದಲ್ಲಿ ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಅದನ್ನು ತುಂಬಿಕೊಡಲು ತಿಂಗಳುಗಳು ಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದಾಗ ಕರಗಿಸುವ ಜಾಗಗಳು ಹೆಚ್ಚುತ್ತವೆ, ಕಟ್ಟುವ ಕೋಶಗಳು ಹಿಂದೆ ಬೀಳುತ್ತವೆ. ಮೂಳೆ ಸವೆತದ ಮೂಲ ಲೆಕ್ಕ ಇದೇ.

ಪ್ರಯೋಗಾಲಯದಲ್ಲಿ ‘ಮೂಳೆ ಬೆಳೆಯಿತು’ ಎಂದು ಯಾವುದನ್ನು ನೋಡಿ ಹೇಳುತ್ತಾರೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಇಪ್ಪತ್ತನಾಲ್ಕು ಗುಳಿಗಳು. ಒಂದೊಂದು ಗುಳಿಯ ತಳಕ್ಕೂ ಕೋಶಗಳು ಅಂಟಿಕೊಂಡಿರುತ್ತವೆ, ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ. 37 ಡಿಗ್ರಿ ಶಾಖ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್. ದ್ರವಕ್ಕೆ ವಿಟಮಿನ್ ಸಿ, ಫಾಸ್ಫೇಟ್ ಒದಗಿಸುವ ಬೀಟಾ ಗ್ಲಿಸರೋಫಾಸ್ಫೇಟ್, ಅನೇಕ ವೇಳೆ ಡೆಕ್ಸಾಮೆಥಾಸೋನ್ ಬೆರೆಸುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಹಳೆಯ ದ್ರವ ಹೀರಿ ಹೊಸದನ್ನು ಹಾಕಬೇಕು, ಹಬ್ಬವಿರಲಿ ಭಾನುವಾರವಿರಲಿ. ಕೆಲವು ಗುಳಿಗಳಿಗೆ ಫ್ಯೂಕಾಯ್ಡನ್ ಸೇರಿಸುತ್ತಾರೆ, ಕೆಲವನ್ನು ಹೋಲಿಕೆಗಾಗಿ ಹಾಗೆಯೇ ಬಿಡುತ್ತಾರೆ.

ಒಂದೆರಡು ವಾರದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಅಳೆಯುತ್ತಾರೆ. ಕಿಣ್ವ ಹೆಚ್ಚಿದ್ದಷ್ಟೂ ಪರೀಕ್ಷಾ ದ್ರವ ಗಾಢ ಹಳದಿಯಾಗುತ್ತದೆ. ಕೋಶ ಮೂಳೆ ಕಟ್ಟುವ ದಾರಿ ಹಿಡಿದಿದೆ ಎನ್ನಲು ಇದು ಮೊದಲ ಸುಳಿವು. ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಅಲಿಜರಿನ್ ರೆಡ್ ಬಣ್ಣ ಸುರಿದು ತೊಳೆದರೆ, ಕ್ಯಾಲ್ಸಿಯಂ ಕೂತ ಕಡೆಯಲ್ಲೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು ಉಳಿಯುತ್ತದೆ. ಇವುಗಳ ಜೊತೆಗೆ ರನ್ಎಕ್ಸ್2, ಆಸ್ಟಿಯೋಕ್ಯಾಲ್ಸಿನ್, ಒಂದನೇ ಬಗೆಯ ಕೊಲಾಜನ್ ಇವುಗಳ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ನೋಡುತ್ತಾರೆ.

ಸಂಶೋಧನಾ ಪ್ರಬಂಧದಲ್ಲಿ ‘ಆಸ್ಟಿಯೋಜೆನಿಕ್ ಪರಿಣಾಮ’ ಎಂದು ಬರೆಯುವುದು ಈ ಹಳದಿ, ಈ ಕೆಂಪು, ಈ ಜೀನ್ ಅಂಕಿಗಳನ್ನು ನೋಡಿ. ಅವು ನಿಜವಾದ ಅಳತೆಗಳೇ. ಆದರೆ ತಟ್ಟೆಯಲ್ಲಿ ರಕ್ತನಾಳವಿಲ್ಲ, ಹಾರ್ಮೋನಿನ ಏರಿಳಿತವಿಲ್ಲ, ಮೈಯ ಭಾರವಿಲ್ಲ, ಕರಗಿಸುವ ಕೋಶವೂ ಬಹುಮಟ್ಟಿಗೆ ಇಲ್ಲ. ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ: ಹೆಚ್ಚು ಬಳಕೆಯಲ್ಲಿರುವ ಎಂಜಿ-63 ಮತ್ತು ಸಾಓಎಸ್-2 ಕೋಶಗಳು ಮೂಳೆ ಕ್ಯಾನ್ಸರಿನ ಗೆಡ್ಡೆಯಿಂದ ಬಂದವು. ಎಂಸಿ3ಟಿ3-ಇ1 ಎಂಬುದು ಇಲಿಮರಿಯ ತಲೆಬುರುಡೆಯಿಂದ ಬಂದದ್ದು. ಮನುಷ್ಯರ ಮೂಳೆಮಜ್ಜೆಯಿಂದ ತೆಗೆದ, ಮೂಳೆ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶಗಳಲ್ಲಿ ಬಂದ ಫಲಿತಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಫ್ಯೂಕಾಯ್ಡನ್ ಆ ಕೋಶಗಳಿಗೆ ಏನು ಮಾಡುತ್ತದೆ?

ಮನುಷ್ಯರ ಕಾಂಡಕೋಶಗಳಲ್ಲಿ ನಡೆದ ಕೆಲಸಗಳ ಪೈಕಿ ಕೊರಿಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದು ಗಮನಾರ್ಹ. ಫ್ಯೂಕಾಯ್ಡನ್ ಕೊಟ್ಟಾಗ ಕೋಶದೊಳಗೆ ಇಆರ್‌ಕೆ ಮತ್ತು ಜೆಎನ್‌ಕೆ ಎಂಬ ಸಂಕೇತವಾಹಕಗಳು ಎಚ್ಚರಗೊಂಡವು, ಬಿಎಂಪಿ-2 ಎಂಬ ಮೂಳೆ ಬೆಳವಣಿಗೆಯ ಪ್ರೋಟೀನ್ ಹೆಚ್ಚಿತು, ಅದು ಸ್ಮ್ಯಾಡ್ 1/5/8 ಪ್ರೋಟೀನುಗಳ ಮೂಲಕ ಮೂಳೆಯ ಜೀನ್‌ಗಳನ್ನು ಚುರುಕುಗೊಳಿಸಿತು. ಕಿಣ್ವವೂ ಕ್ಯಾಲ್ಸಿಯಂ ಶೇಖರಣೆಯೂ ಏರಿದವು.

ಕೋಶದ ಹೊರಗೆ ಇನ್ನೊಂದು ಆಟ ನಡೆಯುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಸ್ವಾರಸ್ಯ. ಸಲ್ಫೇಟ್ ಗುಂಪುಗಳಿಂದಾಗಿ ಫ್ಯೂಕಾಯ್ಡನ್ ಸರಪಳಿಯ ಮೇಲೆಲ್ಲ ಋಣ ವಿದ್ಯುದಂಶ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನಮ್ಮ ದೇಹದ ಹೆಪಾರಿನ್ ಕೂಡ ಹೀಗೆಯೇ. ಬೆಳವಣಿಗೆಯ ಪ್ರೋಟೀನುಗಳಲ್ಲಿ ಹಲವು ಧನ ವಿದ್ಯುದಂಶದ ಭಾಗ ಹೊಂದಿರುವುದರಿಂದ ಈ ಸರಪಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಪ್ರೋಟೀನು ಕೋಶದ ಬಾಗಿಲಿಗೆ ಹತ್ತಿರವಾಗಬಹುದು, ಬೇಗ ಹಾಳಾಗದೆ ಉಳಿಯಬಹುದು. ಇಲ್ಲವೇ ಸರಪಳಿಯಲ್ಲೇ ಸಿಕ್ಕಿಬಿದ್ದು ಕೋಶಕ್ಕೆ ತಲುಪದೆಯೂ ಹೋಗಬಹುದು. ಒಂದೇ ಗುಣದಿಂದ ಎರಡು ವಿರುದ್ಧ ಫಲಗಳು.

ಜರ್ಮನಿ ಮತ್ತು ಡೆನ್ಮಾರ್ಕಿನ ತಂಡಗಳು ಕಿಣ್ವದ ಸಹಾಯದಿಂದ ತೆಗೆದ ಫ್ಯೂಕಾಯ್ಡನ್‌ಗಳನ್ನು ಮೂಳೆ ಕೋಶ ಮತ್ತು ರಕ್ತನಾಳದ ಕೋಶಗಳ ಜೊತೆಗಿಟ್ಟು ನೋಡಿದಾಗ ಈ ಎರಡನೆಯ ಮುಖ ಕಾಣಿಸಿತು. ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನ್ ಕೆಲವು ಮಾದರಿಗಳಲ್ಲಿ ತಗ್ಗಿತು, ನಾಳದಂಥ ರಚನೆಗಳೂ ಕಡಿಮೆಯಾದವು. ರಕ್ತನಾಳವಿಲ್ಲದೆ ಹೊಸ ಮೂಳೆ ಬದುಕುವುದಿಲ್ಲ. ಹಾಗಾಗಿ ‘ಕಿಣ್ವ ಏರಿತು’ ಎಂಬ ಒಂದೇ ಅಂಕಿ ಹಿಡಿದು ಹಿಗ್ಗುವಂತಿಲ್ಲ.

ಒಂದು ಕಡೆ ಪರಿಣಾಮ ಇದೆ ಎನ್ನುತ್ತಾರೆ, ಇನ್ನೊಂದು ಕಡೆ ಇಲ್ಲ ಎನ್ನುತ್ತಾರೆ. ಯಾರನ್ನು ನಂಬುವುದು?

ಇಬ್ಬರೂ ಸರಿಯಿರಬಹುದು, ಏಕೆಂದರೆ ಇಬ್ಬರ ಕೈಯಲ್ಲಿದ್ದ ಫ್ಯೂಕಾಯ್ಡನ್ ಒಂದೇ ಅಲ್ಲ. ಪ್ಯಾರಾಸಿಟಮಾಲ್ ಎಲ್ಲಿ ತೆಗೆದುಕೊಂಡರೂ ಒಂದೇ ಅಣು. ಫ್ಯೂಕಾಯ್ಡನ್ ಹಾಗಲ್ಲ, ಅದು ಒಂದು ಕುಟುಂಬದ ಹೆಸರು. ಯಾವ ಜಾತಿಯ ಕಡಲಕಳೆ, ಯಾವ ಋತುವಿನಲ್ಲಿ ಕೊಯ್ದದ್ದು, ಆಮ್ಲದಲ್ಲಿ ತೆಗೆದರೋ ಕಿಣ್ವದಲ್ಲೋ ಎನ್ನುವುದರ ಮೇಲೆ ಸರಪಳಿಯ ಉದ್ದ, ಸಲ್ಫೇಟ್ ಪ್ರಮಾಣ, ಕವಲುಗಳು ಎಲ್ಲವೂ ಬದಲಾಗುತ್ತವೆ. ಅಣುತೂಕ ಕೆಲವು ಸಾವಿರ ಡಾಲ್ಟನ್‌ನಿಂದ ಲಕ್ಷಗಳವರೆಗೆ ಹೋಗುತ್ತದೆ. ಅಣುತೂಕ ಮತ್ತು ಸಲ್ಫೇಟ್ ಪ್ರಮಾಣ ಬರೆಯದ ಪ್ರಬಂಧವನ್ನು ಅಲ್ಲಿಗೇ ಮುಚ್ಚಿಡಬಹುದು. ಈ ಎರಡು ಅಂಕಿ ಮುದ್ರಿಸದ ಡಬ್ಬಿಗೂ ಅದೇ ನ್ಯಾಯ.

ಮೂಳೆ ಕರಗಿಸುವ ಕೋಶಗಳ ಮೇಲೆ?

ತಟ್ಟೆಯಲ್ಲಿ ಫ್ಯೂಕಾಯ್ಡನ್ ಮತ್ತು ಫ್ಯೂಕೋಝಾಂಥಿನ್ ಎರಡೂ ಆಸ್ಟಿಯೋಕ್ಲಾಸ್ಟ್ ರೂಪುಗೊಳ್ಳುವುದನ್ನು ತಡೆದಿವೆ. ಈ ಕೋಶಗಳಿಗೆ ಹುಟ್ಟುವ ಅಪ್ಪಣೆ ಕೊಡುವುದು ರ‍್ಯಾಂಕ್ಎಲ್ ಎಂಬ ಪ್ರೋಟೀನ್. ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು ನೇರವಾಗಿ ಅದನ್ನೇ ಹಿಡಿದು ನಿಲ್ಲಿಸುತ್ತದೆ.

ಇಲಿಗಳ ಮೇಲೆ ನೋಡಿದ್ದಾರೆಯೇ?

ನೋಡಿದ್ದಾರೆ. ಅಂಡಾಶಯ ತೆಗೆದ ಇಲಿಗಳು ಮುಟ್ಟು ನಿಂತ ಸ್ಥಿತಿಗೆ ಮಾದರಿ. ಅವುಗಳಿಗೆ ಫ್ಯೂಕೋಸ್ಟೆರಾಲ್ ಕೊಟ್ಟಾಗ ಮೂಳೆಯ ಸಾಂದ್ರತೆ ಸುಧಾರಿಸಿದ ವರದಿ ಇದೆ. ಇಂಥ ಇಲಿಗಳಲ್ಲಿ ಚೆನ್ನಾಗಿ ಕಂಡು ಮನುಷ್ಯರಲ್ಲಿ ಸೋತ ಪದಾರ್ಥಗಳು ಬೇಕಾದಷ್ಟಿವೆ.

ತಟ್ಟೆಯಲ್ಲಿ ಕೆಲಸ ಮಾಡುವುದಾದರೆ ಕ್ಯಾಪ್ಸೂಲ್ ನುಂಗಿದರೂ ಆಗಬೇಕಲ್ಲವೇ?

ಲೆಕ್ಕ ಹಾಕಿ ನೋಡೋಣ. ತಟ್ಟೆಯ ಪ್ರಯೋಗಗಳಲ್ಲಿ ಬಳಸುವ ಪ್ರಮಾಣ ಹೆಚ್ಚಾಗಿ ಒಂದು ಮಿಲಿಲೀಟರಿಗೆ 1ರಿಂದ 100 ಮೈಕ್ರೋಗ್ರಾಂ. ವಯಸ್ಕರ ಮೈಯಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸುಮಾರು ಮೂರು ಲೀಟರ್. ಅಲ್ಲಿ 100 ಮೈಕ್ರೋಗ್ರಾಂ ಮಟ್ಟ ಬರಬೇಕಾದರೆ 300 ಮಿಲಿಗ್ರಾಂ ಫ್ಯೂಕಾಯ್ಡನ್ ಒಂದು ಚೂರೂ ಕಳೆದುಹೋಗದೆ ಕರುಳಿನಿಂದ ನೇರವಾಗಿ ರಕ್ತಕ್ಕೆ ಇಳಿಯಬೇಕು, ಇಳಿದು ಅಲ್ಲೇ ಉಳಿಯಬೇಕು. ಇಷ್ಟು ದಪ್ಪ ಸರಪಳಿ ಕರುಳಿನ ಗೋಡೆ ದಾಟುವುದು ತೀರ ಅಲ್ಪ. ಬಾಯಿಯ ಮೂಲಕ ಕೊಟ್ಟು ರಕ್ತದಲ್ಲಿ ಅಳೆದವರಿಗೆ ಸಿಕ್ಕಿದ್ದು ನ್ಯಾನೋಗ್ರಾಂ ಲೆಕ್ಕದಲ್ಲಿ. ಒಂದು ಮೈಕ್ರೋಗ್ರಾಂ ಅಂದರೆ ಸಾವಿರ ನ್ಯಾನೋಗ್ರಾಂ. ತಟ್ಟೆಯ ಮಟ್ಟಕ್ಕೂ ರಕ್ತದ ಮಟ್ಟಕ್ಕೂ ಇರುವ ಅಂತರ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ.

ಕರುಳಿನ ಸೂಕ್ಷ್ಮಾಣುಗಳ ಮೂಲಕ ಬೇರೆ ದಾರಿಯಲ್ಲಿ ಪರಿಣಾಮ ಬೀರಬಹುದು ಎಂದು ವಾದಿಸುವವರಿದ್ದಾರೆ. ವಾದ ಅಸಂಬದ್ಧವಲ್ಲ. ಆದರೆ ಆಗ ತಟ್ಟೆಯ ಫಲಿತಾಂಶವನ್ನು ಸಾಕ್ಷಿಯಾಗಿ ತೋರಿಸುವ ಹಕ್ಕು ಅವರಿಗಿರುವುದಿಲ್ಲ.

ಹಾಗಾದರೆ ಇದೆಲ್ಲ ದಂಡವೇ?

ಖಂಡಿತ ಅಲ್ಲ. ಕರುಳನ್ನು ಬಳಸದೆ ನೇರವಾಗಿ ಮೂಳೆಯ ಜಾಗಕ್ಕೆ ತಲುಪಿಸಿದರೆ ಚಿತ್ರ ಬದಲಾಗುತ್ತದೆ. ಮುರಿದು ಅಂತರ ಬಿಟ್ಟ ಮೂಳೆ, ಗೆಡ್ಡೆ ತೆಗೆದ ನಂತರದ ಪೊಳ್ಳು, ಹಲ್ಲು ಕಿತ್ತ ಮೇಲೆ ಕರಗುವ ದವಡೆ ಇಂಥ ಕಡೆ ತುಂಬಲು ಸರಂಧ್ರ ಹಂದರಗಳನ್ನು ಮಾಡುತ್ತಾರೆ. ಹೈಡ್ರಾಕ್ಸಿಅಪಟೈಟ್, ಕೈಟೋಸಾನ್, ಆಲ್ಜಿನೇಟ್ ಜೊತೆ ಫ್ಯೂಕಾಯ್ಡನ್ ಬೆರೆಸಿದ ಹಂದರಗಳು, ಫ್ಯೂಕಾಯ್ಡನ್ ಲೇಪಿಸಿದ ಟೈಟಾನಿಯಂ ಮೇಲ್ಮೈಗಳು ಪ್ರಯೋಗದಲ್ಲಿವೆ. ಅಲ್ಲಿ ತಟ್ಟೆಯಲ್ಲಿ ಕಂಡ ಪ್ರಮಾಣವನ್ನು ಕೋಶದ ಪಕ್ಕದಲ್ಲೇ ಇಡಬಹುದು. ಬೆಳವಣಿಗೆಯ ಪ್ರೋಟೀನನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಗುಣ ಅಲ್ಲಿ ವರವಾಗುತ್ತದೆ. ಕಂದು ಕಡಲಕಳೆಯ ಭವಿಷ್ಯ ಔಷಧದಂಗಡಿಗಿಂತ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ.

ಅಂದಹಾಗೆ, ನಿಮ್ಮಲ್ಲಿ ಅನೇಕರು ಕಂದು ಕಡಲಕಳೆಯನ್ನು ಈಗಾಗಲೇ ಕಚ್ಚಿದ್ದೀರಿ. ಜಯನಗರವೋ ರಾಜಾಜಿನಗರವೋ, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ರಬ್ಬರ್ ಬಟ್ಟಲಿನಲ್ಲಿ ಪುಡಿಗೆ ನೀರು ಕಲಸಿ, ಲೋಹದ ತಟ್ಟೆಗೆ ಬಳಿದು ಬಾಯಿಗಿಟ್ಟು ‘ಅಲ್ಲಾಡಬೇಡಿ’ ಎನ್ನುತ್ತಾರಲ್ಲ, ಅದು ಆಲ್ಜಿನೇಟ್. ಪುಡಿಯಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಕರಗಿ ಕ್ಯಾಲ್ಸಿಯಂ ಬಿಟ್ಟುಕೊಟ್ಟೊಡನೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮೂಳೆಯ ಹಂದರಕ್ಕೆ ಬಳಸುವುದೂ ಇದೇ ಗುಣವನ್ನು. ಒಂದು ಕೊರತೆಯೆಂದರೆ ಬರಿ ಆಲ್ಜಿನೇಟಿಗೆ ಕೋಶಗಳು ಅಂಟುವುದಿಲ್ಲ. ಆರ್‌ಜಿಡಿ ಎಂಬ ಸಣ್ಣ ಪೆಪ್ಟೈಡನ್ನು ಪೋಣಿಸಿ ಹಿಡಿತ ಒದಗಿಸಬೇಕಾಗುತ್ತದೆ. ಅದನ್ನು ಕರಗಿಸುವ ಕಿಣ್ವವೂ ನಮ್ಮ ಮೈಯಲ್ಲಿಲ್ಲ.

ಅಮ್ಮನ ಟಿ-ಸ್ಕೋರ್ (ಮೂಳೆ ಸಾಂದ್ರತೆ ವರದಿಯ ಅಂಕ) ಮೈನಸ್ 2.8. ವೈದ್ಯರು ಬರೆದ ಮಾತ್ರೆಯ ಬದಲು ಇದನ್ನು ಕೊಡಬಹುದೇ?

ಬೇಡ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಮೂಳೆ ಸವೆತ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆಯ ಝೋಲೆಡ್ರೊನಿಕ್ ಆಮ್ಲ, ಕಟ್ಟುವ ಕೋಶಗಳನ್ನೇ ಪ್ರಚೋದಿಸುವ ಟೆರಿಪಾರಟೈಡ್ ಇವೆಲ್ಲ ಮನುಷ್ಯರಲ್ಲಿ ಮೂಳೆ ಮುರಿತವನ್ನು ತಗ್ಗಿಸಿ ತೋರಿಸಿದ ಔಷಧಗಳು. ಯಾವ ಕಡಲಕಳೆಯ ಸಂಯುಕ್ತವೂ ಆ ಪರೀಕ್ಷೆ ದಾಟಿಲ್ಲ.

ಡೆನೊಸುಮ್ಯಾಬ್ ತೆಗೆದುಕೊಳ್ಳುತ್ತಿರುವವರಿಗೆ ವಿಶೇಷ ಎಚ್ಚರಿಕೆ: ‘ನೈಸರ್ಗಿಕ’ಕ್ಕೆ ಬದಲಾಯಿಸುತ್ತೇವೆಂದು ಮುಂದಿನ ಚುಚ್ಚುಮದ್ದನ್ನು ತಪ್ಪಿಸಬೇಡಿ. ಅದನ್ನು ಏಕಾಏಕಿ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗ ಇಳಿದು, ಬೆನ್ನುಮೂಳೆಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಮುರಿತವಾಗುವ ಅಪಾಯವಿದೆ.

ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು?

ವೈದ್ಯರನ್ನು ಕೇಳದೆ ಮುಟ್ಟಬೇಡಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಂದೇ ಗ್ರಾಂ ಒಣ ಕೊಂಬುವಿನಲ್ಲಿ ಸಾವಿರ ಮೈಕ್ರೋಗ್ರಾಂ ದಾಟಬಹುದು. ನಮ್ಮ ಉಪ್ಪಿನಲ್ಲಿ ಅಯೋಡಿನ್ ಹೇಗೂ ಇದೆ. ಅತಿಯಾದರೆ ಥೈರಾಯ್ಡಿನ ಕೆಲಸ ಕುಗ್ಗಬಹುದು, ಕೆಲವರಲ್ಲಿ ಮಿತಿಮೀರಬಹುದು. ಮಿತಿಮೀರಿ ಕೆಲಸ ಮಾಡುವ ಥೈರಾಯ್ಡ್ ಮೂಳೆಯನ್ನೇ ಸವೆಸುತ್ತದೆ, ಅಂದರೆ ಯಾವುದಕ್ಕೆಂದು ನುಂಗಿದಿರೋ ಅದಕ್ಕೇ ಹೊಡೆತ.

ಫ್ಯೂಕಾಯ್ಡನ್ ಹೆಪಾರಿನ್ನಿನ ಹಾಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವುಳ್ಳದ್ದು. ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ದೂರವಿರುವುದು ಮೇಲು.

‘ಪಾಚಿ ಕ್ಯಾಲ್ಸಿಯಂ’ ಮಾತ್ರೆಗಳು ಬೇರೆಯೇ?

ಪೂರ್ತಿ ಬೇರೆ. ಅವು ಸಾಮಾನ್ಯವಾಗಿ ಲಿಥೋಥಾಮ್ನಿಯಾನ್ ಎಂಬ ಸುಣ್ಣಗಟ್ಟಿದ ಕೆಂಪು ಕಡಲಕಳೆಯಿಂದ ಬಂದ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಎಂದು ತೆಗೆದುಕೊಳ್ಳುವುದಾದರೆ ಸರಿ, ಫ್ಯೂಕಾಯ್ಡನ್ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಥೈರಾಕ್ಸಿನ್ ಮಾತ್ರೆಗೂ ಯಾವುದೇ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರವಿರಲಿ.

ಸೂಪರ್ ಮಾರ್ಕೆಟ್‌ನಲ್ಲಿ ಒಣ ಕಡಲಕಳೆ ಸಿಗುತ್ತದೆ. ಅಡುಗೆಗೆ ಹಾಕಬಹುದೇ?

ಥೈರಾಯ್ಡ್ ಸರಿಯಿದ್ದವರು ಅಪರೂಪಕ್ಕೊಮ್ಮೆ ವಾಕಾಮೆ ಸೂಪ್ ಕುಡಿದರೆ ತೊಂದರೆಯಿಲ್ಲ. ಹಿಜಿಕಿ ಎಂಬ ಕಪ್ಪು ಎಳೆಗಳ ಕಡಲಕಳೆಯನ್ನು ಮಾತ್ರ ಕೊಳ್ಳಬೇಡಿ. ಅದು ಸರ್ಗಾಸಮ್ ಜಾತಿ, ಅದರಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲೇ ತಿನ್ನಬೇಡಿ ಎಂದಿತ್ತು. ಕಡಲತೀರದಲ್ಲಿ ಕಿತ್ತು ತಂದ ಸರ್ಗಾಸಮ್ ಒಣಗಿಸಿ ಪುಡಿ ಮಾಡುವ ಸಾಹಸವೂ ಬೇಡ.

ಮತ್ತೆ ಮೂಳೆಗೆ ಏನು ತಿನ್ನುವುದು?

ರಾಗಿ. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಜೊತೆಗೆ ಹಾಲು, ಮೊಸರು, ಎಳ್ಳು. ಫ್ಲ್ಯಾಟಿನಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಓಡಾಡುವವರಾದರೆ ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬಹುದೇ?

ಮಾಡಿ, ವಿಷಯ ಚೆನ್ನಾಗಿದೆ. ಕೋಶಗಳನ್ನು ಪಕ್ಕದ ಪ್ರಯೋಗಾಲಯದಿಂದ ಕಡ ತರುವುದಕ್ಕಿಂತ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳಿ. ನಿಮ್ಮ ಕಾಲೇಜಿನಲ್ಲಿಲ್ಲದ ದುಬಾರಿ ಯಂತ್ರಗಳಿಗೆ ಜಿಕೆವಿಕೆ ಆವರಣದಲ್ಲಿರುವ ಸಿ-ಕ್ಯಾಂಪ್ ಎಂಬ ಸಂಶೋಧನಾ ಸೌಲಭ್ಯ ಕೇಂದ್ರದಂಥ ಕಡೆ ಶುಲ್ಕ ಕಟ್ಟಿ ಕೆಲಸ ಮಾಡಿಸಬಹುದು.

ಮೂರು ಕಡೆ ಎಡವುವುದನ್ನು ಕಾಣುತ್ತಲೇ ಇರುತ್ತೇನೆ. ಕಚ್ಚಾ ಸಾರದಲ್ಲಿ ಫ್ಲೋರೋಟ್ಯಾನಿನ್ ಉಳಿದಿದ್ದರೆ ಬದುಕಿರುವ ಕೋಶಗಳನ್ನು ಅಂದಾಜಿಸುವ ಎಂಟಿಟಿ ಪರೀಕ್ಷೆಯ ಹಳದಿ ಬಣ್ಣವನ್ನು ಅದೇ ನೇರಳೆಗೆ ತಿರುಗಿಸಿಬಿಡುತ್ತದೆ, ಒಂದು ಕೋಶವೂ ಇಲ್ಲದ ಗುಳಿಯಲ್ಲಿ ಕೂಡ. ನೀವು ಕೋಶಗಳು ಹೆಚ್ಚಿದವೆಂದು ನಕ್ಷೆ ಬರೆಯುತ್ತೀರಿ. ಆದ್ದರಿಂದ ಕೋಶವಿಲ್ಲದ ಗುಳಿಗೂ ಸಾರ ಹಾಕಿ ನೋಡಿ, ಸಾಧ್ಯವಾದರೆ ಡಿಎನ್ಎ ಅಳೆದು ತಾಳೆ ಮಾಡಿ. ಎರಡನೆಯದು ಎಂಡೋಟಾಕ್ಸಿನ್: ಸಮುದ್ರದ ಬ್ಯಾಕ್ಟೀರಿಯಾದ ಅವಶೇಷ ಸಾರದಲ್ಲಿ ಉಳಿದಿದ್ದರೆ ಕೋಶ ಪ್ರತಿಕ್ರಿಯಿಸುತ್ತಿರುವುದು ಯಾವುದಕ್ಕೆ ಎಂದೇ ತಿಳಿಯುವುದಿಲ್ಲ. ಮೂರನೆಯದು ಹೋಲಿಕೆ. ಬರಿ ನೀರಿನ ಜೊತೆ ಹೋಲಿಸಿದರೆ ಸಾಲದು, ಹೆಪಾರಿನ್‌ನಂಥ ಇನ್ನೊಂದು ಸಲ್ಫೇಟ್ ಸರಪಳಿಯನ್ನೂ ಪಕ್ಕದಲ್ಲಿಡಿ. ಆಗ ಪರಿಣಾಮ ಫ್ಯೂಕಾಯ್ಡನ್ನಿನದೋ ಬರಿಯ ಸಲ್ಫೇಟಿನದೋ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕಡಲಕಳೆಯನ್ನು ನೀವೇ ತರುವುದಾದರೆ ಜಾತಿಯನ್ನು ತಜ್ಞರಿಂದ ಗುರುತಿಸಿ, ಒಣಗಿಸಿದ ಒಂದು ಮಾದರಿಯನ್ನು ದಿನಾಂಕ, ಜಾಗ ಬರೆದು ಕಾಲೇಜಿನಲ್ಲಿ ಇಡಿ. ಮನ್ನಾರ್ ಕೊಲ್ಲಿಯ ದ್ವೀಪಗಳ ಸುತ್ತಲಿನ ನೀರು ಸಮುದ್ರ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿಯನ್ನು ಪ್ರಾಜೆಕ್ಟ್ ಶುರುವಾಗುವ ಮುಂಚೆಯೇ ಹಾಕಿ.